ಬೆಟ್ಟದ ಕಾಲುದಾರಿ ಮತ್ತು ಹವ್ಯಾಸದ ಚಕ್ರ

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಳೆಗಾಲ ಮುಗಿದು ಚಳಿ ಆರಂಭವಾಯಿತೆಂದರೆ ಮಲೆನಾಡಿನ ಘಟ್ಟದ ರಸ್ತೆಗಳಲ್ಲಿ ಭಾನುವಾರದ ಮುಂಜಾನೆ ಸೈಕಲ್ ಸವಾರರ ಸಾಲು ಕಾಣಿಸಿಕೊಳ್ಳುತ್ತದೆ. ಬಿಗಿಯಾದ ಉಡುಪು, ತಲೆಗೆ ಹೆಲ್ಮೆಟ್ಟು, ಬೆನ್ನ ಜೇಬಿನಲ್ಲಿ ಬಾಳೆಹಣ್ಣು. ಹಾಲು ಹಾಕಲು ಡೇರಿಗೆ ಹೊರಟವರು ನಿಂತು ನೋಡುತ್ತಾರೆ. ಕಾರು ಕೊಳ್ಳುವ ಶಕ್ತಿಯುಳ್ಳವರು ಬೆವರು ಸುರಿಸುತ್ತ ಘಟ್ಟ ಹತ್ತುವುದೇಕೆ ಎಂಬ ಪ್ರಶ್ನೆ ಅವರ ಮುಖದ ಮೇಲಿರುತ್ತದೆ. ಪ್ರಶ್ನೆ ಸಹಜವಾದದ್ದು. ಸೈಕಲ್ಲು ಹಳ್ಳಿಯಲ್ಲಿ ಬಹುಕಾಲ ಬಡವನ ವಾಹನವಾಗಿತ್ತು. ಹಾಲಿನ ಕ್ಯಾನು, ಮೀನಿನ ಬುಟ್ಟಿ, ಅಂಚೆಯ ಚೀಲ ಹೊತ್ತು ತಿರುಗಿದ ಚಕ್ರ ಅದು. ಅದೇ ಚಕ್ರ ಇಂದು ನಗರದವರ ಹವ್ಯಾಸವಾಗಿ ಬೆಟ್ಟಕ್ಕೆ ಬಂದಿದೆ. ಈ ಹವ್ಯಾಸ ಬೆಟ್ಟಕ್ಕೆ ಏನು ಮಾಡೀತು, ಅದನ್ನು ಹೇಗೆ ಬರಮಾಡಿಕೊಳ್ಳಬೇಕು ಎಂಬುದೇ ಈ ಹೊತ್ತಿನ ವಿಚಾರ.

ಹವ್ಯಾಸದ ಸೈಕಲ್ ಸವಾರಿಯಲ್ಲಿ ಸ್ಥೂಲವಾಗಿ ಎರಡು ಕವಲುಗಳಿವೆ. ಮೊದಲನೆಯದು ಡಾಂಬರು ರಸ್ತೆಯದು. ಇದರ ಟೈರು ಕಿರಿದು, ಸಾಮಾನ್ಯವಾಗಿ 25ರಿಂದ 32 ಮಿಲಿಮೀಟರ್ ಅಗಲ. ಗಾಳಿಯ ಒತ್ತಡ ಅಧಿಕ. ಭಾರ ಎಂಟು ಹತ್ತು ಕಿಲೋಗ್ರಾಂ. ಫ್ರಾನ್ಸ್ ದೇಶದಲ್ಲಿ ಬೆಳೆದ ‘ಬ್ರೆವೆ’ ಎಂಬ ದೀರ್ಘ ಸವಾರಿಯ ಪದ್ಧತಿ ಈಗ ಕರ್ನಾಟಕದಲ್ಲೂ ನೆಲೆಯೂರಿದೆ. 200 ಕಿಲೋಮೀಟರನ್ನು 13 ಗಂಟೆ 30 ನಿಮಿಷದೊಳಗೆ, 300ನ್ನು 20 ಗಂಟೆಯೊಳಗೆ, 400ನ್ನು 27 ಗಂಟೆಯೊಳಗೆ, 600ನ್ನು 40 ಗಂಟೆಯೊಳಗೆ ಮುಗಿಸಬೇಕು. ಮೊದಲು ಬಂದವನಿಗೆ ಬಹುಮಾನವಿಲ್ಲ. ಅವಧಿಯೊಳಗೆ ಬಂದವರಿಗೆಲ್ಲ ಒಂದೇ ಮನ್ನಣೆ. ದಾರಿಯಲ್ಲಿ ಕೆಟ್ಟರೆ ತಾನೇ ರಿಪೇರಿ ಮಾಡಿಕೊಳ್ಳಬೇಕು, ಹಸಿದರೆ ದಾರಿಬದಿಯ ಹೋಟೆಲಿನಲ್ಲಿ ಉಣ್ಣಬೇಕು. ಇಂತಹ ಹವ್ಯಾಸದಿಂದ ಬೆಟ್ಟಕ್ಕೆ ಹೇಳಿಕೊಳ್ಳುವಂತಹ ಕೇಡಿಲ್ಲ. ರಸ್ತೆ ಮೊದಲೇ ಇದೆ. ಸೈಕಲ್ಲು ಅದನ್ನು ಅಗಲ ಮಾಡಿಸುವುದಿಲ್ಲ, ಹಾರನ್ ಬಾರಿಸುವುದಿಲ್ಲ, ಹೊಗೆ ಬಿಡುವುದಿಲ್ಲ. ಬೀದಿಬದಿಗೆ ಎಸೆದ ತಿನಿಸಿನ ಪೊಟ್ಟಣಗಳ ಬಗ್ಗೆ ಮಾತ್ರ ತಕರಾರು ಉಂಟು. ಇನ್ನೊಂದನ್ನೂ ಹೇಳಬೇಕು: 250 ಕಿಲೋಮೀಟರ್ ದೂರದಿಂದ ಸೈಕಲ್ಲನ್ನು ಕಾರಿನ ನೆತ್ತಿಯ ಮೇಲೆ ಹೊರಿಸಿಕೊಂಡು ಬಂದು 30 ಕಿಲೋಮೀಟರ್ ತುಳಿದು ಹಿಂದಿರುಗುವವರು ತಾವು ಪರಿಸರಸ್ನೇಹಿಗಳೆಂದು ಹೇಳಿಕೊಳ್ಳುವಾಗ ತುಸು ಸಂಕೋಚಪಡುವುದು ಒಳ್ಳೆಯದು.

ಎರಡನೆಯ ಕವಲು ಬೆಟ್ಟದ ಸೈಕಲ್ಲಿನದು, ಇಂಗ್ಲಿಷಿನವರ ‘ಮೌಂಟನ್ ಬೈಕ್’. ಇದಕ್ಕೆ ಡಾಂಬರು ಬೇಡ; ಕಾಲುದಾರಿ, ಗಾಡಿ ಜಾಡು, ಹುಲ್ಲಿನ ಇಳಿಜಾರು ಬೇಕು. ಹಳ್ಳಿಯವರು ಮುಖ್ಯವಾಗಿ ಯೋಚಿಸಬೇಕಾದದ್ದು ಈ ಕವಲಿನ ಬಗ್ಗೆಯೇ. ಅದಕ್ಕಾಗಿ ಅದರ ಹುಟ್ಟೂರಿನ ಕಥೆಯನ್ನು ತಿಳಿಯುವುದು ಉಪಯುಕ್ತ, ಏಕೆಂದರೆ ಮಲೆನಾಡು ಈಗ ಎದುರಿಸಬಹುದಾದ ಸಮಸ್ಯೆಗಳನ್ನು ಆ ಊರು ಐವತ್ತು ವರ್ಷಗಳಿಂದ ಅನುಭವಿಸುತ್ತಿದೆ.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮರಿನ್ ಎಂಬ ಗುಡ್ಡಗಾಡು ಜಿಲ್ಲೆ. ಅಲ್ಲಿನ ಟಮಾಲ್ಪೈಸ್ ಪರ್ವತ ಸುಮಾರು 784 ಮೀಟರ್ ಎತ್ತರ. ಮುಳ್ಳಯ್ಯನಗಿರಿಯ ಅರ್ಧವೂ ಇಲ್ಲ. ಅದರ ಇಳಿಜಾರುಗಳ ಬಹುಭಾಗ ಜಿಲ್ಲೆಯ ಕುಡಿಯುವ ನೀರಿನ ಜಲಾನಯನ ಪ್ರದೇಶ. 1970ರ ದಶಕದಲ್ಲಿ ಅಲ್ಲಿನ ಕೆಲವು ಯುವಕರು 1930-40ರ ಕಾಲದ ದಪ್ಪ ಟೈರಿನ ಹಳೆಯ ಶ್ವಿನ್ ಸೈಕಲ್ಲುಗಳನ್ನು ಗುಜರಿಯಿಂದ ಆರಿಸಿ ತಂದು, ಮಡ್‌ಗಾರ್ಡು ಮುಂತಾದವನ್ನು ಕಿತ್ತೊಗೆದು, ಬೆಟ್ಟದ ಬೆಂಕಿರೇಖೆಯ ಮಣ್ಣುದಾರಿಗಳಲ್ಲಿ ಇಳಿಯತೊಡಗಿದರು. ಫೇರ್‌ಫ್ಯಾಕ್ಸ್ ಎಂಬ ಊರಿನ ಬಳಿಯ ಒಂದು ಇಳಿಜಾರು ಅವರಿಗೆ ಮೆಚ್ಚಿನದು: ಸುಮಾರು 3.4 ಕಿಲೋಮೀಟರ್ ದೂರದಲ್ಲಿ 400 ಮೀಟರಿನಷ್ಟು ಇಳಿತ. 1976ರ ಅಕ್ಟೋಬರ್ 21ರಂದು ಚಾರ್ಲಿ ಕೆಲ್ಲಿ ಮತ್ತು ಗೆಳೆಯರು ಅಲ್ಲಿ ಮೊದಲ ಬಾರಿಗೆ ಗಡಿಯಾರ ಹಿಡಿದು ಪಂದ್ಯ ನಡೆಸಿದರು. ಗ್ಯಾರಿ ಫಿಶರ್ ಆ ದೂರವನ್ನು 4 ನಿಮಿಷ 22 ಸೆಕೆಂಡಿನಲ್ಲಿ ಇಳಿದದ್ದು ಅಲ್ಲಿನ ದಾಖಲೆ.

ಆ ದಾರಿಗೆ ಬಿದ್ದ ಹೆಸರು ‘ರೀಪ್ಯಾಕ್’. ಈ ಹೆಸರಿನಲ್ಲಿ ವಿದ್ಯಾರ್ಥಿಗಳಿಗೆ ಭೌತಶಾಸ್ತ್ರದ ಒಂದು ಪಾಠವಿದೆ. ಆ ಹಳೆಯ ಸೈಕಲ್ಲುಗಳಿಗೆ ಕೈಬ್ರೇಕು ಇರಲಿಲ್ಲ. ಪೆಡಲನ್ನು ಹಿಂದಕ್ಕೆ ಒತ್ತಿದರೆ ಹಿಂಚಕ್ರದ ಗುಂಬದೊಳಗಿನ ಬ್ರೇಕು ಹಿಡಿಯುತ್ತಿತ್ತು. ಒಮ್ಮೆ ಇಳಿದು ಮುಗಿಸುವಷ್ಟರಲ್ಲಿ ಗುಂಬದೊಳಗಿನ ಗ್ರೀಸು ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಇಳಿಯಬೇಕಾದರೆ ಗುಂಬ ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಹೀಗೆ ಮರಳಿ ತುಂಬುವುದರಿಂದ ಆ ಹೆಸರು. ಸವಾರ ಮತ್ತು ಸೈಕಲ್ಲು ಸೇರಿ 90 ಕಿಲೋಗ್ರಾಂ ಎಂದಿಟ್ಟುಕೊಂಡರೆ, 400 ಮೀಟರ್ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು 350 ಕಿಲೋಜೌಲ್. ಒಂದು ಲೀಟರ್ ತಣ್ಣೀರನ್ನು ಕುದಿಸಲು ಅಷ್ಟು ಸಾಕು. ಅದರಲ್ಲಿ ಸ್ವಲ್ಪ ಗಾಳಿಯನ್ನು ಸೀಳುವುದಕ್ಕೆ ಹೋಗುತ್ತದೆ. ಉಳಿದದ್ದು ಎಲ್ಲಿಗಾದರೂ ಹೋಗಲೇಬೇಕು. ಚಕ್ರ ಉರುಳುತ್ತಿರುವಾಗ ಬ್ರೇಕು ಹಿಡಿದರೆ ಅದು ಬ್ರೇಕಿನ ಬಿಸಿಯಾಗುತ್ತದೆ. ಚಕ್ರ ನಿಂತು ಟೈರು ನೆಲವನ್ನು ಎಳೆಯತೊಡಗಿದರೆ ಅದೇ ಶಕ್ತಿ ಮಣ್ಣನ್ನು ಕೆರೆಯುತ್ತದೆ. ಬೆಟ್ಟದ ಸೈಕಲ್ ಸವಾರಿಯ ಸುಖವೂ ಕೇಡೂ ಬಹುಮಟ್ಟಿಗೆ ಈ ಲೆಕ್ಕದೊಳಗೇ ಅಡಗಿವೆ.

ಮುಂದಿನ ಕಥೆಯನ್ನು ಬೇಗ ಹೇಳಬಹುದು. ಜೋ ಬ್ರೀಜ್ 1977-78ರಲ್ಲಿ ಇದಕ್ಕಾಗಿಯೇ ಹೊಸ ಚೌಕಟ್ಟುಗಳನ್ನು ನಿರ್ಮಿಸಿದ. ಟಾಮ್ ರಿಚಿ ಮತ್ತಷ್ಟು ನಿರ್ಮಿಸಿದ. 1979ರಲ್ಲಿ ಫಿಶರ್ ಮತ್ತು ಕೆಲ್ಲಿ ಅವನ್ನು ಮಾರುವ ಅಂಗಡಿ ತೆರೆದರು. 1980ರ ದಶಕದಲ್ಲಿ ದೊಡ್ಡ ಕಂಪನಿಗಳು ಕಾರ್ಖಾನೆಯಲ್ಲಿ ಸಾವಿರಗಟ್ಟಲೆ ತಯಾರಿಸಿದವು. 1996ರ ಅಟ್ಲಾಂಟಾ ಒಲಿಂಪಿಕ್ಸಿನಲ್ಲಿ ಅದು ಪಂದ್ಯವೂ ಆಯಿತು. ಇಪ್ಪತ್ತು ವರ್ಷಗಳಲ್ಲಿ ಗುಜರಿಯಿಂದ ಒಲಿಂಪಿಕ್ಸಿಗೆ!

ಆದರೆ ಹುಟ್ಟೂರಿನಲ್ಲಿ ಜಗಳ ಆರಂಭವಾಗಿತ್ತು. ಟಮಾಲ್ಪೈಸ್‌ನ ಕಾಲುದಾರಿಗಳಲ್ಲಿ ನಡೆಯುತ್ತಿದ್ದವರು, ಕುದುರೆಯ ಮೇಲೆ ಹೋಗುತ್ತಿದ್ದವರು ತಿರುವಿನಲ್ಲಿ ಸದ್ದಿಲ್ಲದೆ ನುಗ್ಗಿಬರುವ ಸೈಕಲ್ಲುಗಳಿಂದ ಬೆಚ್ಚಿಬಿದ್ದರು. ಜಲಾನಯನದ ಆಡಳಿತದವರು ಕಿರುದಾರಿಗಳನ್ನು ಸೈಕಲ್ಲುಗಳಿಗೆ ಮುಚ್ಚಿದರು. ಬೆಂಕಿರೇಖೆಯ ಅಗಲ ದಾರಿಗಳಲ್ಲಿ ಗಂಟೆಗೆ 15 ಮೈಲಿ, ಕುರುಡು ತಿರುವುಗಳಲ್ಲಿ 5 ಮೈಲಿ ಎಂದು ವೇಗದ ಮಿತಿ ಹಾಕಿದರು. ಅಮೆರಿಕದ ಸಂರಕ್ಷಿತ ನಿರ್ಜನ ಅರಣ್ಯಗಳಿಗೆ ಸಂಬಂಧಿಸಿದ 1964ರ ಕಾನೂನು ಯಾಂತ್ರಿಕ ಸಾರಿಗೆಯನ್ನು ನಿಷೇಧಿಸಿತ್ತು. ಸೈಕಲ್ಲೂ ಅದರಲ್ಲಿ ಸೇರಿದೆಯೆಂದು 1984ರಲ್ಲಿ ಅಲ್ಲಿನ ಅರಣ್ಯ ಇಲಾಖೆ ನಿಯಮದಲ್ಲಿ ಸ್ಪಷ್ಟಪಡಿಸಿತು. ಸವಾರರು ಸುಮ್ಮನಿರಲಿಲ್ಲ. 1988ರಲ್ಲಿ ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿ, ದಾರಿಯ ಮೇಲೆ ಹೇಗೆ ನಡೆದುಕೊಳ್ಳಬೇಕೆಂಬ ನಿಯಮಗಳನ್ನು ತಾವೇ ಬರೆದುಕೊಂಡರು. ಗುದ್ದಲಿ ಹಿಡಿದು ದಾರಿ ದುರಸ್ತಿಗೂ ಇಳಿದರು. ಮರಿನ್‌ನಲ್ಲಿ ಯಾವ ದಾರಿ ಯಾರಿಗೆ ಎಂಬ ವಾದ ಇಂದಿಗೂ ಮುಗಿದಿಲ್ಲ. ಅದಕ್ಕೆ ಕಾರಣವೂ ಸ್ಪಷ್ಟ: ಸವಾರರು ಮೊದಲು ಬಂದರು, ನಿಯಮ ಆಮೇಲೆ ಬಂದಿತು. ಅಷ್ಟರಲ್ಲಿ ಎಲ್ಲರಿಗೂ ಅದು ತಮ್ಮ ದಾರಿ ಎನ್ನಿಸಿಬಿಟ್ಟಿತ್ತು.

ಹಾಗಾದರೆ ಸೈಕಲ್ಲಿನ ಚಕ್ರ ನಿಜಕ್ಕೂ ಕಾಲಿಗಿಂತ ಕೆಡುಕಿನದೇ? ಇದನ್ನು ಅಳೆದು ನೋಡಿದವರಿದ್ದಾರೆ. ವಿಲ್ಸನ್ ಮತ್ತು ಸೀನಿ ಎಂಬ ಸಂಶೋಧಕರು ಮಾಂಟಾನಾ ರಾಜ್ಯದ ಬೆಟ್ಟದಾರಿಗಳಲ್ಲಿ ನಡಿಗೆ, ಕುದುರೆ, ಮೋಟಾರ್ ಸೈಕಲ್ಲು, ಸೈಕಲ್ಲು ನಾಲ್ಕನ್ನೂ ಓಡಾಡಿಸಿ, ಕೃತಕ ಮಳೆ ಸುರಿಸಿ, ಕೊಚ್ಚಿಹೋದ ಮಣ್ಣನ್ನು ಅಳೆದರು. 1994ರಲ್ಲಿ ಪ್ರಕಟವಾದ ಅವರ ಫಲಿತಾಂಶ ಹಲವರಿಗೆ ಅಚ್ಚರಿ ತಂದೀತು: ತೇವಗೊಂಡ ದಾರಿಯಲ್ಲಿ ಚಕ್ರಗಳಿಗಿಂತ ಗೊರಸು ಮತ್ತು ಪಾದಗಳೇ ಹೆಚ್ಚು ಮಣ್ಣನ್ನು ಸಡಿಲಿಸಿದ್ದವು. ಕೆನಡಾದ ಒಂಟಾರಿಯೊದ ಕಾಡಿನಲ್ಲಿ ಥರ್ಸ್ಟನ್ ಮತ್ತು ರೀಡರ್ ಒಂದೇ ಜಾಡಿನ ಮೇಲೆ 500 ಬಾರಿಯವರೆಗೆ ಓಡಾಟ ನಡೆಸಿ 2001ರಲ್ಲಿ ವರದಿ ಮಾಡಿದರು. ಅಲ್ಲಿಯೂ ಗಿಡಗಳಿಗೆ ನಡಿಗೆಯಿಂದಾದ ಹಾನಿಗೂ ಸೈಕಲ್ಲಿನಿಂದಾದ ಹಾನಿಗೂ ಹೆಚ್ಚಿನ ಅಂತರ ಕಾಣಲಿಲ್ಲ. ಸೈಕಲ್ಲನ್ನು ದ್ವೇಷಿಸುವವರು ಈ ಅಧ್ಯಯನಗಳನ್ನು ಮರೆಮಾಚುವುದು ಸರಿಯಲ್ಲ.

ಸೈಕಲ್ಲನ್ನು ಪ್ರೀತಿಸುವವರು ಅವನ್ನೇ ಎತ್ತಿ ಹಿಡಿದು ಮಲೆನಾಡಿಗೆ ಅನ್ವಯಿಸುವುದೂ ಸರಿಯಲ್ಲ. ಅಲ್ಲಿ ನಡೆದದ್ದು ಎಣಿಕೆಯ ಓಡಾಟ; ಗೆಳೆಯರೊಡನೆ ಪಂತ ಕಟ್ಟಿ ಚಕ್ರ ಎಳೆಯುತ್ತ ಇಳಿಯುವ ಭಾನುವಾರದ ಸವಾರಿಯಲ್ಲ. ಎರಡನೆಯದಾಗಿ, ಕಾಲ್ನಡಿಗೆಯ ಗುರುತು ಬಿಡಿಬಿಡಿಯಾದ ಗುಳಿ. ಚಕ್ರದ ಗುರುತು ಮುರಿಯದೆ ಸಾಗುವ ಗೆರೆ. ಇಳಿಜಾರಿನ ಮೇಲೆ ಮೇಲಿನಿಂದ ಕೆಳಕ್ಕೆ ಎಳೆದ ಗೆರೆ ಎಂದರೆ ನೀರಿಗೆ ತೋಡಿಕೊಟ್ಟ ಕಾಲುವೆ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮೂರನೆಯದು ಮಳೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿದ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಅಷ್ಟು ನೀರು ಒಂದು ಗೆರೆಯನ್ನು ಹಿಡಿದು ಇಳಿಯತೊಡಗಿದರೆ ಎರಡು ಮೂರು ಮಳೆಗಾಲದಲ್ಲಿ ಕೊರಕಲು ಬೀಳುತ್ತದೆ. ಮೇಲ್ಮಣ್ಣು ಹೋಗಿ ಜಂಬಿಟ್ಟಿಗೆ ಕಾಣಿಸಿತೆಂದರೆ ಅಲ್ಲಿ ಹುಲ್ಲು ಮರಳಿ ಹಿಡಿಯಲು ಬಹುಕಾಲ ಬೇಕು. ಕೊರಕಲಾದ ದಾರಿಯನ್ನು ಬಿಟ್ಟು ಸವಾರರೂ ನಡೆಯುವವರೂ ಪಕ್ಕದಲ್ಲಿ ಹೊಸ ಜಾಡು ಮಾಡುತ್ತಾರೆ, ಅದೂ ಕೊರಕಲಾಗುತ್ತದೆ. ಹುಲ್ಲುಗುಡ್ಡಗಳ ಮೇಲೆ ಜೀಪುಗಳು ಮಾಡಿರುವ ಗಾಯವನ್ನು ಕಂಡವರಿಗೆ ಈ ಕ್ರಮ ಗೊತ್ತು. ಜೀಪಿನ ಗಾಯಕ್ಕೆ ಸೈಕಲ್ಲಿನದನ್ನು ಹೋಲಿಸುವುದು ಅನ್ಯಾಯವೇ ಹೌದು. ಆದರೂ ಗಾಯದ ಬಗೆ ಅದೇ.

ಪರಿಹಾರವೂ ಹೊಸದೇನಲ್ಲ. ಬೆಟ್ಟದ ದಾರಿ ಕಡಿಯುವವರಲ್ಲಿ ಈಗ ಒಂದು ಸೂತ್ರ ಪ್ರಚಾರದಲ್ಲಿದೆ: ಗುಡ್ಡದ ಪಕ್ಕದ ಇಳಿಜಾರು ಎಷ್ಟಿದೆಯೋ ಅದರ ಅರ್ಧಕ್ಕಿಂತ ದಾರಿಯ ಇಳಿಜಾರು ಹೆಚ್ಚಿರಬಾರದು. ಗುಡ್ಡ ನೂರಕ್ಕೆ 30ರಷ್ಟು ಇಳಿದರೆ ದಾರಿ ನೂರಕ್ಕೆ 15ನ್ನು ಮೀರಬಾರದು. ಮೀರಿದರೆ ಮಳೆಯ ನೀರು ದಾರಿಯನ್ನು ಅಡ್ಡಲಾಗಿ ದಾಟಿ ಹೋಗುವ ಬದಲು ದಾರಿಯನ್ನೇ ಹಿಡಿದು ಇಳಿಯುತ್ತದೆ. ಜೊತೆಗೆ ದಾರಿಯ ಹೊರಅಂಚು ತುಸು ತಗ್ಗಾಗಿರಬೇಕು, ಅಲ್ಲಲ್ಲಿ ದಾರಿ ಚೂರು ಏರಿ ಮತ್ತೆ ಇಳಿಯಬೇಕು. ಹೇರೆತ್ತುಗಳ ಮೇಲೆ ಅಕ್ಕಿ ಹೊರಿಸಿ ಘಟ್ಟ ಇಳಿದು ಉಪ್ಪು ಹೊರಿಸಿಕೊಂಡು ಹತ್ತುತ್ತಿದ್ದ ಕಾಲದ ಹಾದಿಗಳನ್ನು ನೋಡಿದರೆ ಇದೇ ವಿವೇಕ ಕಾಣುತ್ತದೆ: ಗುಡ್ಡವನ್ನು ಬಳಸಿಕೊಂಡು ಹೋಗುವ ನಡೆ, ಕಡಿದಾದೆಡೆ ಕಲ್ಲು ಹಾಸು. ಹೊರೆ ಹೊತ್ತ ಎತ್ತು ನೆಟ್ಟಗೆ ಇಳಿಯಲಾರದು. ಆದ್ದರಿಂದ ಹಾದಿ ಉಳಿಯಿತು. ನೆಟ್ಟನೆಯ ಒಳದಾರಿಗಳನ್ನು ಮಾಡಿದ್ದು ಸಮಯ ಉಳಿಸಲು ಹೊರಟ ಕಾಲುಗಳು. ಬೆಟ್ಟದ ಸೈಕಲ್ ಸವಾರರಿಗೆ ಬಹುಪಾಲು ಇಷ್ಟವಾಗುವುದೂ ಅವೇ.

ಮಣ್ಣಿನ ಬಗ್ಗೆ ಇನ್ನೊಂದು ಸಂಗತಿ ಅಡಿಕೆ ಬೆಳೆಗಾರರ ಕಿವಿಗೆ ಬೀಳಬೇಕಾದದ್ದು. 1995ರಲ್ಲಿ ಇದೇ ಮರಿನ್ ಜಿಲ್ಲೆಯಲ್ಲಿ ಓಕ್ ಜಾತಿಯ ಮರಗಳು ಇದ್ದಕ್ಕಿದ್ದಂತೆ ಒಣಗತೊಡಗಿದವು. ಕಾರಣ ಫೈಟಾಫ್ತೊರ ಕುಲದ ಒಂದು ರೋಗಾಣುವೆಂದು 2000ದಲ್ಲಿ ತಿಳಿಯಿತು. ಅಡಿಕೆಯ ಕೊಳೆರೋಗದ ರೋಗಾಣುವೂ ಇದೇ ಕುಲದ್ದು. ಕೊಳೆರೋಗ ಹರಡುವುದು ಮುಖ್ಯವಾಗಿ ಮಳೆ ಗಾಳಿಯಿಂದ. ಸೈಕಲ್ಲಿನ ಮೇಲೆ ಆ ಆರೋಪ ಹೊರಿಸುವುದು ಹಾಸ್ಯಾಸ್ಪದವಾದೀತು. ಆದರೆ ಕ್ಯಾಲಿಫೋರ್ನಿಯಾದ ರೋಗಾಣು ಬೂಟು ಮತ್ತು ಟೈರಿಗೆ ಅಂಟಿದ ಕೆಸರಿನಲ್ಲಿ ಸಾಗುತ್ತದೆಂದು ಕಂಡುಬಂದಿರುವುದರಿಂದ, ಕಾಡಿನಿಂದ ಹೊರಬರುವ ಮುನ್ನ ಕೆಸರು ತೊಳೆದುಕೊಳ್ಳಿರೆಂದು ಅಲ್ಲಿ ಸವಾರರಿಗೆ ತಿಳಿಹೇಳಲಾಗುತ್ತದೆ. ಕಳೆಬೀಜಗಳಿಗೂ ಕೆಸರು ಒಳ್ಳೆಯ ವಾಹನ. ಒಂದು ಬಕೆಟ್ ನೀರು, ಒಂದು ತೆಂಗಿನ ನಾರಿನ ಕುಚ್ಚು ಇಷ್ಟರಿಂದ ಆಗುವ ಕೆಲಸವನ್ನು ಕೇಳಿಕೊಳ್ಳುವುದರಲ್ಲಿ ತಪ್ಪಿಲ್ಲ.

ಕಾಡುಪ್ರಾಣಿಗಳ ವಿಷಯ. ಯೂಟಾ ರಾಜ್ಯದ ಆಂಟಲೋಪ್ ದ್ವೀಪದಲ್ಲಿ ಟೇಲರ್ ಮತ್ತು ನೈಟ್ ಎಂಬವರು ಕಾಡೆಮ್ಮೆ, ಜಿಂಕೆ ಮುಂತಾದವು ನಡೆಯುವವರಿಗೂ ಸೈಕಲ್ಲಿನವರಿಗೂ ಹೇಗೆ ಬೆದರುತ್ತವೆಂದು ನೋಡಿ 2003ರಲ್ಲಿ ಪ್ರಕಟಿಸಿದರು. ಇಬ್ಬರಿಗೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ಬೆದರಿದ್ದವು. ದಾರಿಯಿಂದ 100 ಮೀಟರಿನೊಳಗಿನ ಪ್ರಾಣಿ ಓಡಿಹೋಗುವ ಸಂಭವ ನೂರಕ್ಕೆ 70. ಅಲ್ಲಿಗೆ ಬಂದ ವಿಹಾರಿಗಳಲ್ಲಿ ಸುಮಾರು ಅರ್ಧದಷ್ಟು ಜನ ವಿಹಾರದಿಂದ ಪ್ರಾಣಿಗಳಿಗೆ ತೊಂದರೆಯೇ ಇಲ್ಲವೆಂದು ನಂಬಿದ್ದರು! ಮಲೆನಾಡಿನಲ್ಲಿ ಓಡಿಹೋಗದ ಪ್ರಾಣಿಗಳೂ ಇವೆ. ಆನೆ, ಕಾಟಿ, ಮರಿಯಿರುವ ಹಂದಿ. ಗಂಟೆಗೆ 30 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ 8 ಮೀಟರಿಗೂ ಹೆಚ್ಚು. ತಿರುವಿನಾಚೆ 15 ಮೀಟರಿನಲ್ಲಿ ಕಾಟಿ ನಿಂತಿದ್ದರೆ, ಸವಾರನಿಗೆ ಅದು ಕಂಡು ಬೆರಳು ಬ್ರೇಕು ಹಿಡಿಯುವಷ್ಟರಲ್ಲಿ ಅರ್ಧ ದೂರ ಮುಗಿದಿರುತ್ತದೆ. ಕಾಟಿಯ ಜಾಗದಲ್ಲಿ ಸೊಪ್ಪಿನ ಹೊರೆ ಹೊತ್ತು ಬಗ್ಗಿ ಬರುತ್ತಿರುವ ಹೆಂಗಸೊಬ್ಬಳು ಇರಬಹುದು. ಹೊರೆಯ ಕೆಳಗಿರುವವಳಿಗೆ ಮುಂದಿನ ನಾಲ್ಕು ಹೆಜ್ಜೆಯ ನೆಲವಷ್ಟೇ ಕಾಣುವುದು. ಪಕ್ಕಕ್ಕೆ ಜಿಗಿಯುವುದೂ ಆಗದು. ಮರಿನ್‌ನಲ್ಲಿ ಈ ವಾದ ವಿಹಾರಕ್ಕೆ ಬಂದವರ ನಡುವೆ ನಡೆಯಿತು. ಇಲ್ಲಿ ಒಂದು ಕಡೆ ವಿಹಾರಿ, ಇನ್ನೊಂದು ಕಡೆ ಅದೇ ದಾರಿಯಲ್ಲಿ ಪ್ರತಿದಿನದ ಬದುಕು ಸಾಗಿಸುವವರು. ಈ ವ್ಯತ್ಯಾಸವನ್ನು ಯಾವ ಅಧ್ಯಯನವೂ ಅಳೆದಿಲ್ಲ. ಅಳೆಯುವ ಅಗತ್ಯವೂ ಇಲ್ಲ. ದಾರಿ ಮೊದಲು ಹೊರೆಯವಳದು.

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಹೊರಗಿನವರು ಅನುಮತಿಯಿಲ್ಲದೆ ಪ್ರವೇಶಿಸುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೇ ತಡೆಯುತ್ತದೆ. ಸೈಕಲ್ಲಿಗೆ ಎಂಜಿನ್ ಇಲ್ಲ ಎಂಬುದು ಅಲ್ಲಿ ಉತ್ತರವಾಗದು. ಶೋಲಾ ಕಾಡಿನ ಮೇಲಿನ ಹುಲ್ಲುಗಾವಲು ಕಾನೂನಿನ ಗೆರೆಯೊಳಗಿರಲಿ ಹೊರಗಿರಲಿ, ಅಲ್ಲಿಗೆ ಚಕ್ರ ಹೋಗಲೇಬಾರದು. ಅದು ಬರಿದಾದ ಬಯಲಲ್ಲ. ಹೊಳೆಗಳ ಒರತೆ ಅಲ್ಲಿದೆ, ನೆಲಗುಬ್ಬಿಯಂತಹ ಹಕ್ಕಿಗಳು ನೆಲದ ಮೇಲೆಯೇ ಗೂಡು ಕಟ್ಟುತ್ತವೆ.

ಉಳಿದ ದಾರಿಗಳ ಬಗ್ಗೆ ನಿರ್ಧರಿಸಬೇಕಾದವರು ಹಳ್ಳಿಯವರೇ. ಗ್ರಾಮಸಭೆ ಇದೆ, ಗ್ರಾಮ ಅರಣ್ಯ ಸಮಿತಿ ಇದೆ, 2002ರ ಕಾಯ್ದೆಯ ಪ್ರಕಾರ ಜೀವವೈವಿಧ್ಯ ನಿರ್ವಹಣಾ ಸಮಿತಿಯೂ ಇರಬೇಕು. ಯಾವುದು ಗಾಡಿ ಜಾಡು, ಯಾವುದು ದೇವರಕಾಡಿನ ದಾರಿ, ಯಾವುದು ನೀರಿನ ಒರತೆಯ ಮೇಲಿನದು ಎಂಬುದನ್ನು ಹೊರಗಿನವರಾರೂ ತಿಳಿಯಲಾರರು. ಗಾಡಿ ಜಾಡುಗಳಲ್ಲಿ, ಎಸ್ಟೇಟಿನ ಒಡೆಯರು ಒಪ್ಪಿದ ರಸ್ತೆಗಳಲ್ಲಿ ಸೈಕಲ್ಲು ಬರಲಿ. ಮಳೆಗಾಲದಲ್ಲಿ ಬೇಡ. ಮಳೆ ಬಿಟ್ಟ ಮೇಲೂ ಚಕ್ರದ ಅಚ್ಚು ಮಣ್ಣಿನಲ್ಲಿ ಆಳವಾಗಿ ಮೂಡುವಷ್ಟು ದಿನ ಬೇಡ. ಅಚ್ಚು ಮೂಡಿತೆಂದರೆ ಹಿಂದಿರುಗುವುದು ಒಳ್ಳೆಯ ಸವಾರರು ಹೊರದೇಶಗಳಲ್ಲೂ ಪಾಲಿಸುವ ಕ್ರಮ. ಉಣಗೋಲು, ದಣಪೆಗಳನ್ನು ದಾಟಿದವರು ಅವನ್ನು ಮತ್ತೆ ಹಾಕಿಯೇ ಹೋಗಬೇಕು. ಎಲ್ಲವನ್ನೂ ಒಟ್ಟಿಗೆ ನಿಷೇಧಿಸಿಬಿಡೋಣ ಎಂಬ ಮಾತೂ ಕೇಳಿಬರುವುದುಂಟು. ಅದು ದುಡುಕಿನ ಮಾತು. ಸೈಕಲ್ಲಿನಲ್ಲಿ ಬಂದವನು ಊರಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾನೆ, ಮನೆಯೂಟ ಕೇಳುತ್ತಾನೆ, ನಿಧಾನವಾಗಿ ಹೋಗುವುದರಿಂದ ನಾಲ್ಕು ಮಾತಾಡುತ್ತಾನೆ. ಅವನನ್ನು ಓಡಿಸಿದರೆ ಆ ಜಾಗಕ್ಕೆ ಬರುವುದು ಜೀಪು.

ವಿದ್ಯಾರ್ಥಿಗಳಿಗೆ ಬೇರೆಯೇ ಒಂದು ಮಾತು. 2006-07ರಲ್ಲಿ ಆರಂಭವಾಗಿ ಕೋವಿಡ್ ಕಾಲದಲ್ಲಿ ನಿಂತುಹೋದ ಸರ್ಕಾರದ ಯೋಜನೆಯಿಂದ 8ನೇ ತರಗತಿಯ ಮಕ್ಕಳಿಗೆ ದೊರೆತ ಸೈಕಲ್ಲುಗಳು ಎಷ್ಟೋ ಮನೆಗಳಲ್ಲಿ ಇನ್ನೂ ಇವೆ. ಗೇರಿಲ್ಲದ, ಕ್ಯಾರಿಯರ್ ಇರುವ ಆ ಸೈಕಲ್ಲನ್ನು ಕಡಿದಾದ ಬೆಟ್ಟದಾರಿಯಲ್ಲಿ ಇಳಿಸಿ ಸಾಹಸ ಮಾಡುವುದು ಅಪಾಯ. ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿನ ಬ್ರೇಕು ಜಾರುತ್ತದೆ. ನಿಲ್ಲಲು ಬೇಕಾಗುವ ದೂರ ಹಲವು ಪಟ್ಟು ಹೆಚ್ಚುತ್ತದೆ. ಆದರೆ ಊರಿನ ರಸ್ತೆಗಳಲ್ಲಿ ರಜೆಯ ದಿನ ಗೆಳೆಯರೊಡನೆ ಹತ್ತಿಪ್ಪತ್ತು ಕಿಲೋಮೀಟರ್ ಸುತ್ತಿ ಬರಲು ಲಕ್ಷ ರೂಪಾಯಿಯ ಸೈಕಲ್ಲು ಬೇಕಿಲ್ಲ. ಹವ್ಯಾಸ ನಗರದವರಿಗಷ್ಟೇ ಮೀಸಲಾದದ್ದೆಂದು ಯಾರೂ ಹೇಳಿಲ್ಲ.

ಇದೇ ವಿದ್ಯಾರ್ಥಿಗಳಿಂದ ಆಗಬೇಕಾದ ಕೆಲಸವೊಂದಿದೆ. ಯಾವ ದಾರಿ ಸವೆಯುತ್ತಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಹೇಳಬೇಕಾದರೆ ಅಳತೆ ಬೇಕು. ಅದಕ್ಕೆ ಯಂತ್ರ ಬೇಡ. ಹತ್ತಿರದ ಒಂದು ಕಾಲುದಾರಿಯನ್ನು ಆರಿಸಿ, ದಾರಿಯ ಎರಡೂ ಬದಿಯಲ್ಲಿ ಕದಲದ ಜಾಗ ನೋಡಿ ಗೂಟ ಹೊಡೆಯಬೇಕು. ಗೂಟದಿಂದ ಗೂಟಕ್ಕೆ ಹಗ್ಗ ಬಿಗಿದು, ಗೇಣಿಗೊಂದರಂತೆ ಹಗ್ಗದಿಂದ ನೆಲಕ್ಕೆ ಎಷ್ಟು ಆಳವೆಂದು ಗುರುತು ಹಾಕಿದ ಕೋಲಿನಿಂದ ಅಳೆದು ಬರೆದುಕೊಳ್ಳಬೇಕು. ಸೈಕಲ್ಲು ಬರುವ ದಾರಿಯಲ್ಲೊಂದು, ಜಾನುವಾರು ಮಾತ್ರ ಓಡಾಡುವ ದಾರಿಯಲ್ಲೊಂದು, ಜನ ಮಾತ್ರ ನಡೆಯುವಲ್ಲಿ ಒಂದು ಹೀಗೆ ಮೂರು ಕಡೆ ಮಾಡಿದರೆ ಹೋಲಿಸಲು ಬರುತ್ತದೆ. ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಅದೇ ಗೂಟಗಳಿಗೆ ಅದೇ ಹಗ್ಗ ಕಟ್ಟಿ ಮತ್ತೆ ಅಳೆಯಬೇಕು. ಗೂಟಕ್ಕೆ ಗಟ್ಟಿ ಮರವನ್ನೇ ಆರಿಸಿಕೊಳ್ಳಿ, ಒರಲೆ ತಿಂದರೆ ಲೆಕ್ಕ ತಪ್ಪುತ್ತದೆ. ಮೊದಲ ಅಳತೆ ಮೇ ತಿಂಗಳೊಳಗೆ ಮುಗಿದಿರಬೇಕು. ಜೂನ್ ಮೊದಲ ವಾರದ ಮಳೆ ಯಾರಿಗೂ ಕಾಯುವುದಿಲ್ಲ.